ಬಾಗಿಲ ಹೊರಗೆ ಮುಳ್ಳು, ಒಳಗೆ ರಬ್ಬರ್

ಟೊರಾಂಟೊಗೆ ಹೊಸದಾಗಿ ಬಂದವರು ಸ್ನೋ ಅಂದರೆ ಹೆದರುತ್ತಾರೆ. ನಿಜಕ್ಕೂ ಹೆದರಬೇಕಾದ್ದು ಐಸಿಗೆ. ಆಗ ತಾನೇ ಬಿದ್ದ ಸ್ನೋ ಮೇಲೆ ಸಾಧಾರಣ ಬೂಟಿನಲ್ಲೂ ನಡೆಯಬಹುದು. ಅಟ್ಟೆಯ ಕಚ್ಚುಗಳು ಅದರೊಳಗೆ ಇಳಿದು ಹಿಡಿತ ಸಿಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಅದೇ ಸ್ನೋ ಕರಗಿ ಫುಟ್‌ಪಾತ್ ಮೇಲೆ ಹರಿದು, ರಾತ್ರಿ ಗಟ್ಟಿಯಾದಾಗ ಶುರುವಾಗುವುದು ಅಸಲಿ ಕಷ್ಟ. ಬೆಳಗಿನ ಜಾವ ಬೀದಿದೀಪದ ಬೆಳಕಿನಲ್ಲಿ ನೋಡಿದರೆ ಬರೀ ಒದ್ದೆ ಟಾರಿನ ಹಾಗೇ ಕಾಣುತ್ತದೆ. ಇದಕ್ಕೇ ಇಲ್ಲಿ ಬ್ಲ್ಯಾಕ್ ಐಸ್ ಅನ್ನುವುದು. ಇದರ ಮೇಲೆ ಬೀಳದೆ ನಡೆಯಲು ನಾನು ಕೊಂಡದ್ದು ಅಟ್ಟೆಯ ಮುಳ್ಳನ್ನು ಬೇಕಾದಾಗ ತೆರೆದು, ಬೇಡವಾದಾಗ ಮಡಚಿಡುವ ಬೂಟು. ಅದರದ್ದೇ ಕತೆ ಇದು.

ವಿನ್ನಿಪೆಗ್‌ನಲ್ಲಿರುವ ಗೆಳೆಯನೊಬ್ಬ ಮೈನಸ್ ಮೂವತ್ತರಲ್ಲಿ ಓಡಾಡುತ್ತೇನೆ ಅಂತ ಜಂಬ ಕೊಚ್ಚುತ್ತಾನೆ. ಅಷ್ಟು ಚಳಿಯಲ್ಲಿ ಐಸ್ ಇಷ್ಟು ಜಾರುವುದೇ ಇಲ್ಲ ಮಾರಾಯ, ಅಂತ ನಾನು ಹೇಳುತ್ತೇನೆ. ಐಸಿನ ಮೇಲ್ಮೈ ಯಾವಾಗಲೂ ನೀರಿನಂಥ ಒಂದು ತೆಳು ಪದರ ಹೊದ್ದಿರುತ್ತದೆ. ಚಳಿ ಏರಿದಷ್ಟೂ ಅದು ತೆಳುವಾಗುತ್ತದೆ, ಸೊನ್ನೆಯ ಹತ್ತಿರ ಬಂದಷ್ಟೂ ದಪ್ಪವಾಗುತ್ತದೆ. ನಮ್ಮ ಟೊರಾಂಟೊದ ಚಳಿಗಾಲ ಸೊನ್ನೆಯ ಆಚೀಚೆಯೇ ಓಲಾಡುವಂಥದ್ದು. ಅದರ ಜೊತೆಗೆ ಫ್ರೀಜಿಂಗ್ ರೇನ್. ಮೇಲೆ ಸ್ವಲ್ಪ ಬೆಚ್ಚಗಿನ ಗಾಳಿ, ನೆಲದ ಹತ್ತಿರ ಕೊರೆಯುವ ಗಾಳಿ ಇದ್ದಾಗ ಮಳೆಹನಿ ನೀರಾಗಿಯೇ ಇಳಿದು, ಮುಟ್ಟಿದ ಕೂಡಲೇ ಗಾಜಿನಂತೆ ಅಂಟಿಕೊಳ್ಳುತ್ತದೆ. 2013ರ ಕ್ರಿಸ್‌ಮಸ್‌ಗೆ ಮುಂಚೆ ಬಂದ ಇಂಥದ್ದೇ ಮಳೆಗೆ ಮರಗಳು ಮುರಿದು, ತಂತಿ ಹರಿದು, ಈ ಊರಿನ ಸುಮಾರು ಮೂರು ಲಕ್ಷ ಕನೆಕ್ಷನ್‌ಗಳಿಗೆ ಕರೆಂಟ್ ಹೋಗಿತ್ತು. ಆಗ ಇಲ್ಲಿದ್ದವರು ಇವತ್ತಿಗೂ ಅದನ್ನು ನೆನೆಸಿಕೊಳ್ಳುತ್ತಾರೆ.

ನನ್ನ ಕೆಲಸ ಲ್ಯಾಬ್‌ನಲ್ಲಿ, ಬೆಳಗಿನ ಶಿಫ್ಟ್. ಮನೆ ಸ್ಕಾರ್ಬರೊದಲ್ಲಿ. ಬೀದಿಗೆ ಉಪ್ಪು ಹಾಕುವ ಗಾಡಿ ಬರುವ ಮೊದಲೇ ಮನೆ ಬಿಡಬೇಕು. ಬಂದರೂ ಅಷ್ಟಕ್ಕಷ್ಟೇ, ಮೈನಸ್ ಹತ್ತರ ಆಸುಪಾಸಿಗೆ ಇಳಿದರೆ ಮಾಮೂಲಿ ಉಪ್ಪು ಕೈಚೆಲ್ಲುತ್ತದೆ. ಬಸ್ ಸ್ಟಾಪ್‌ಗೆ ಹೋಗುವ ದಾರಿಯಲ್ಲಿ ಒಂದು ಇಳಿಜಾರಿದೆ. ಅಲ್ಲಿ ಬೇಲಿ ಹಿಡಿದುಕೊಂಡು ಇಳಿಯುವುದು ನಮ್ಮ ಬೀದಿಯವರಿಗೆಲ್ಲ ರೂಢಿ.

ಮೊದಲು ಬಳಸುತ್ತಿದ್ದದ್ದು ಬೂಟಿನ ಮೇಲೆ ಎಳೆದು ಹಾಕುವ ರಬ್ಬರ್ ಜಾಲಿ. ಅದಕ್ಕೆ ಸ್ಟೀಲ್ ಸುರುಳಿ ಸುತ್ತಿರುತ್ತಾರೆ. ಯಾವ ಕಂಪನಿಯದ್ದಾದರೂ ಜನ ಯಾಕ್‌ಟ್ರಾಕ್ಸ್ ಅಂತಲೇ ಕರೆಯುತ್ತಾರೆ. ಐಸ್ ಮೇಲೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಪೀಕಲಾಟ ಇರುವುದು ಬಿಚ್ಚುವುದರಲ್ಲಿ. ಬಸ್ ಬಂತು ಅನ್ನುವಾಗ ಒಂದೇ ಕಾಲಲ್ಲಿ ನಿಂತು, ಒದ್ದೆ ಗ್ಲೌಸಿನಲ್ಲಿ ಆ ರಬ್ಬರನ್ನು ಹಿಮ್ಮಡಿಯಿಂದ ಎಳೆಯಬೇಕು. ಯಾವುದು ಬೀಳದ ಹಾಗೆ ಕಾಪಾಡಬೇಕೋ ಅದನ್ನು ಬಿಚ್ಚಲು ಹೋಗಿಯೇ ಬೀಳುವುದು ಜಾಸ್ತಿ. ಬಿಚ್ಚಿದ್ದನ್ನು ಕೆಸರಿನ ಸಮೇತ ಊಟದ ಡಬ್ಬಿಯ ಪಕ್ಕ ತುರುಕಬೇಕು. ಮತ್ತೆ ಇಳಿದ ಮೇಲೆ ಹಾಕಬೇಕು. ಸುಮ್ನೆ ಹಾಗೇ ಬಸ್ಸಿಗೆ ಹತ್ತೋಣ ಅಂದರೆ, ಒದ್ದೆ ನೆಲದ ಮೇಲೆ ಸ್ಟೀಲ್ ಇನ್ನೂ ಜೋರಾಗಿ ಜಾರುತ್ತದೆ.

ನಮ್ಮ ಲ್ಯಾಬಿನ ಸಹೋದ್ಯೋಗಿಯೊಬ್ಬರು ಒಂದು ಪಾರ್ಕಿಂಗ್ ಲಾಟಿನಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಬೀಳುವಾಗ ಕೈ ಊರುವುದು ಸಹಜ ತಾನೆ, ಅದಕ್ಕೇ ಮುರಿಯುವುದು ಅದೇ ಜಾಗ. ಆಸ್ಪತ್ರೆ ಖರ್ಚು ಇಲ್ಲಿ ಇಲ್ಲ ನಿಜ, ಆದರೆ ಬಲಗೈ ಇಲ್ಲದೆ ಪಿಪೆಟ್ ಹಿಡಿಯುವುದು ಹೇಗೆ? ಅವರಿಂದಲೇ ನನಗೆ ಗೊತ್ತಾಗಿದ್ದು: ಖಾಸಗಿ ಜಾಗದ ಐಸ್ ಮೇಲೆ ಬಿದ್ದು ಪರಿಹಾರ ಕೇಳುವುದಿದ್ದರೆ 60 ದಿನದೊಳಗೆ ಬರಹದಲ್ಲಿ ನೋಟಿಸ್ ಕೊಡಬೇಕು, ನಮ್ಮ ಪ್ರಾಂತ್ಯ ಒಂಟಾರಿಯೋದಲ್ಲಿ 2021ರಿಂದ ಹಾಗೆ ಕಾನೂನಿದೆ. ಟೊರಾಂಟೊ ನಗರದ ಫುಟ್‌ಪಾತ್ ಆದರೆ ಹತ್ತೇ ದಿನ. ಕೈಗೆ ಪಟ್ಟಿ ಕಟ್ಟಿಕೊಂಡವರಿಗೆ ಹತ್ತು ದಿನ ಹೋಗಿದ್ದೇ ತಿಳಿಯುವುದಿಲ್ಲ. ಇಲ್ಲಿಗೆ ಬಂದವರು ಇದೊಂದನ್ನು ನೆನಪಿಟ್ಟುಕೊಳ್ಳಿ.

ಆ ವರ್ಷ ನಾನು ಬೂಟು ಹುಡುಕಲು ಕೂತೆ. ಇದೇ ಊರಿನಲ್ಲಿ, ಯೂನಿವರ್ಸಿಟಿ ಅವೆನ್ಯೂ ನೆಲದಡಿಯಲ್ಲಿ, ಟೊರಾಂಟೊ ರಿಹ್ಯಾಬ್ ಸಂಸ್ಥೆಯ ವಿಂಟರ್‌ಲ್ಯಾಬ್ ಇದೆ. ಐಸ್ ನೆಲದ ಒಂದು ಕೋಣೆ. ಬೂಟು ಹಾಕಿದ ಮನುಷ್ಯನಿಗೆ ಮೇಲಿನಿಂದ ಬೆಲ್ಟ್ ಕಟ್ಟಿ, ಆ ಐಸ್ ಮೇಲೆ ಹತ್ತಿಸಿ ಇಳಿಸಿ ನಡೆಸುತ್ತಾರೆ. ಕಾಲು ಜಾರುವವರೆಗೂ ಇಡೀ ಕೋಣೆಯನ್ನೇ ಸ್ವಲ್ಪ ಸ್ವಲ್ಪ ವಾಲಿಸುತ್ತಾ ಹೋಗುತ್ತಾರೆ. ಬೂಟಿಗೆ ಕೊಡುವ ಅಂಕವೇ ಸ್ನೋಫ್ಲೇಕ್ ಗುರುತು: 7 ಡಿಗ್ರಿ ತಡೆದರೆ ಒಂದು, 11ಕ್ಕೆ ಎರಡು, 15ಕ್ಕೆ ಮೂರು. 7 ಡಿಗ್ರಿ ಅಂದರೆ ಫುಟ್‌ಪಾತ್‌ನಿಂದ ರಸ್ತೆಗೆ ಇಳಿಯುವ ರ‍್ಯಾಂಪಿನಷ್ಟು ಇಳಿಜಾರು, ಅಷ್ಟೇ. 2016ರಲ್ಲಿ ಮೊದಲ ಸಲ 98 ಬೂಟುಗಳ ಫಲಿತಾಂಶ ಹೊರಬಂದಾಗ ಹತ್ತರಲ್ಲಿ ಒಂದು ಭಾಗಕ್ಕೂ ಆ ಒಂದು ಸ್ನೋಫ್ಲೇಕ್ ಸಿಕ್ಕಿರಲಿಲ್ಲ. ಡಬ್ಬಿಯ ಮೇಲೆ ಮೈನಸ್ ನಲವತ್ತು ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರಲ್ಲ, ಅದು ಬೆಚ್ಚಗಿರುವುದರ ಲೆಕ್ಕ. ಜಾರುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಎಷ್ಟೋ ಬೆಚ್ಚನೆಯ ಬೂಟುಗಳ ಅಟ್ಟೆ ಚಳಿಗೆ ಸೆಟೆದು ಕಲ್ಲಾಗುತ್ತದೆ.

ಆ ಪರೀಕ್ಷೆಯಲ್ಲಿ ಗೆದ್ದವು ಮುಳ್ಳಿಲ್ಲದ ಅಟ್ಟೆಗಳು. ರಬ್ಬರಿನೊಳಗೇ ಒರಟು ಕಣ, ನಾರು ಬೆರೆಸಿದ ಗ್ರೀನ್ ಡೈಮಂಡ್, ಆರ್ಕ್ಟಿಕ್ ಗ್ರಿಪ್ ಅನ್ನುವಂಥವು. ಸಾಧಾರಣ ಓಡಾಟಕ್ಕೆ ಇವೇ ಸಾಕು ಅಂತ ಈಗಲೂ ನನ್ನ ಅಭಿಪ್ರಾಯ. ಆದರೆ ನಮ್ಮ ಬೀದಿಯ ಇಳಿಜಾರಿಗೆ, ಅದೂ ಫ್ರೀಜಿಂಗ್ ರೇನ್ ಬಿದ್ದ ಬೆಳಿಗ್ಗೆ, ಮುಳ್ಳೇ ಬೇಕು.

ಮುಳ್ಳಿನ ಬೂಟಿನಲ್ಲೂ ಬಗೆಗಳಿವೆ. ಓಡುವವರು ಹಾಕುವ ಸ್ವೀಡನ್ನಿನ ಐಸ್‌ಬಗ್ ಬೂಟಿನಲ್ಲಿ ಮುಳ್ಳಿನ ತುದಿ ಕಾರ್ಬೈಡ್, ಅಂದರೆ ಸ್ಟೀಲಿಗಿಂತ ಗಟ್ಟಿ ವಸ್ತು. ಅದು ಮೆತ್ತನೆ ರಬ್ಬರಿನಲ್ಲಿ ಕೂತಿರುತ್ತದೆ, ಗಟ್ಟಿ ನೆಲ ಒತ್ತಿದರೆ ಸ್ವಲ್ಪ ಒಳಗೆ ಸರಿಯುತ್ತದೆ. ಸ್ವಲ್ಪ ಮಾತ್ರ, ಪೂರ್ತಿ ಮಾಯವಾಗುವುದಿಲ್ಲ. ಇನ್ನೊಂದು ಬಗೆಯಲ್ಲಿ ಮುಳ್ಳನ್ನು ನಾವೇ ಕೈಯಾರೆ ಮಡಚಿಡಬೇಕು. ಇಟಲಿಯ ಓಲಾಂಗ್ ಕಂಪನಿಯ ಓಸಿ ಸಿಸ್ಟಮ್ ಇದರಲ್ಲಿ ಹೆಸರುವಾಸಿ. ಕೆನಡಾದ ಅಂಗಡಿಗಳಲ್ಲಿ ಇದೇ ಧಾಟಿಯ ಬೇರೆ ಬೇರೆ ಕಂಪನಿಗಳ ಬೂಟು ಸಿಗುತ್ತವೆ. ನಾನು ತಗೊಂಡದ್ದು ಅಂಥದ್ದೊಂದು. ನೂರೈವತ್ತು ಡಾಲರ್ ದಾಟಿತು. ಮನೆಯಲ್ಲಿ ಬೆಲೆ ಹೇಳಿದಾಗ ಹೆಂಡತಿ ಸುಮ್ಮನಿದ್ದಳು, ಬೈದಿದ್ದರೇ ವಾಸಿಯಿತ್ತು.

ಬೂಟನ್ನು ಬೋರಲು ಹಾಕಿದರೆ ಅಟ್ಟೆಯಲ್ಲಿ ಎರಡು ಕಿಟಕಿ ಕಾಣುತ್ತವೆ. ಒಂದು ಪಾದದ ಮುಂಭಾಗದಲ್ಲಿ, ಒಂದು ಹಿಮ್ಮಡಿಯಲ್ಲಿ. ಪ್ರತಿ ಕಿಟಕಿಯಲ್ಲೂ ಒಂದೊಂದು ತುಂಡು ಕೂತಿದೆ. ಒಂದು ಮಗ್ಗುಲು ರಬ್ಬರ್, ಇನ್ನೊಂದು ಮಗ್ಗುಲಲ್ಲಿ ಸ್ಟೀಲ್ ಮುಳ್ಳು. ಒಂದು ಅಂಚಿನಲ್ಲಿ ಕೀಲು. ಜೊತೆಗೆ ಕೊಟ್ಟ ಪ್ಲಾಸ್ಟಿಕ್ ಕೀಯ ತುದಿಯನ್ನು ಸಂದಿಗೆ ಕೊಟ್ಟು ಮೀಟಿದರೆ ತುಂಡು ಎದ್ದು ಮಗುಚಿಕೊಳ್ಳುತ್ತದೆ. ಬೆರಳಲ್ಲಿ ಒತ್ತಿದರೆ ಟಕ್ ಅಂತ ಕೂರುತ್ತದೆ. ಆ ಟಕ್ ಕೇಳಿಸಲೇಬೇಕು. ಕೇಳಿಸದಿದ್ದರೆ ತುಂಡು ಪೂರ್ತಿ ಕೂತಿಲ್ಲ, ನಡೆಯುವಾಗ ಕದಲುತ್ತದೆ.

ಅಂಗಡಿಯ ಹುಡುಗಿ ಒಂದು ಒಳ್ಳೆ ಮಾತು ಹೇಳಿದಳು. "ಹಾಕಿಕೊಂಡು ನಡೆದು ನೋಡಬೇಡಿ, ಮೊದಲು ಹಾಕಿಕೊಂಡು ಬಗ್ಗಿ ನೋಡಿ. ಕಾಲನ್ನು ಮಂಡಿ ಮೇಲೆ ಹಾಕಿ ನಾಲ್ಕೂ ತುಂಡು ಮಗುಚಲು ಆಗುತ್ತಾ ನೋಡಿ. ಆಗದಿದ್ದರೆ ಈ ಬೂಟು ನಿಮಗಲ್ಲ." ಮಾರುವವರ ಬಾಯಲ್ಲಿ ಇಂಥ ಮಾತು ಅಪರೂಪ ಅಲ್ವಾ.

ಮೊದಲ ಫ್ರೀಜಿಂಗ್ ರೇನ್‌ಗೆ ನಾನು ಕಾದು ಕೂತಿದ್ದೆ ಅಂದರೂ ತಪ್ಪಿಲ್ಲ. ಬಂತು. ಮನೆ ಮೆಟ್ಟಿಲ ಮೇಲೇ ಕೂತು ಮುಳ್ಳು ತಿರುಗಿಸಿ ಎದ್ದೆ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಕರಕ್ ಕರಕ್ ಅಂತ ಐಸ್ ಕಚ್ಚುವ ಸದ್ದು. ಬೇಲಿ ಹಿಡಿಯದೆ ಇಳಿದೆ. ಪಕ್ಕದ ಮನೆಯ ಶ್ರೀಲಂಕಾದ ಅಂಕಲ್ ಬೇಲಿ ಹಿಡಿದುಕೊಂಡೇ ನನ್ನ ಕಾಲು ನೋಡುತ್ತಿದ್ದರು. ಮುಳ್ಳಿಗೆ ಒಂದು ನಡಿಗೆ ಬೇರೆಯೇ ಇದೆ. ಹಿಮ್ಮಡಿ ಮೊದಲು ಊರಿ ಉದ್ದ ಹೆಜ್ಜೆ ಇಟ್ಟರೆ ಹಿಮ್ಮಡಿಯ ಹಿಂದಿನ ಅಂಚು ಮಾತ್ರ ನೆಲ ಮುಟ್ಟುತ್ತದೆ, ಅಲ್ಲಿ ಮುಳ್ಳಿಲ್ಲ. ಚಿಕ್ಕ ಹೆಜ್ಜೆ, ಇಡೀ ಪಾದ ಒಟ್ಟಿಗೆ ಊರಬೇಕು.

ಬಸ್ಸಿಗೆ ಮೊದಲು ಶೆಲ್ಟರಿನ ಬೆಂಚಿನ ಮೇಲೆ ಕೂತು ಮುಳ್ಳು ಒಳಗೆ. ಕೀಯನ್ನು ಜಾಕೆಟ್ಟಿನ ಜಿಪ್ಪಿಗೆ ಕಟ್ಟಿಕೊಂಡಿದ್ದೆ, ಇಲ್ಲದಿದ್ದರೆ ಅದು ಮೊದಲ ವಾರವೇ ಸ್ನೋನಲ್ಲಿ ಕಳೆದುಹೋಗುವ ಸಾಮಾನು. ನಾಲ್ಕು ತುಂಡಿಗೆ ಒಂದು ನಿಮಿಷವೂ ಬೇಡ, ಅದೂ ಗ್ಲೌಸ್ ಬಿಚ್ಚದೆ. ಇದಕ್ಕೇ ನಾನು ದುಡ್ಡು ಕೊಟ್ಟದ್ದು. ಐಸ್ ಕಚ್ಚಲು ಮೂವತ್ತು ಡಾಲರಿನ ಜಾಲಿ ಸಾಕು. ಹೆಚ್ಚಿನ ದುಡ್ಡೆಲ್ಲ ಬಾಗಿಲ ಹತ್ತಿರದ ಆ ಒಂದು ನಿಮಿಷಕ್ಕೆ.

ಮಡಚಲೇಬೇಕಾ ಅಂತ ಕೇಳುವವರಿದ್ದಾರೆ. ಲ್ಯಾಬಿನ ಕಟ್ಟಡದ ಲಾಬಿಯಲ್ಲಿ ಗೋಡೆ ಹಿಡಿದುಕೊಂಡು, ಮುಳ್ಳು ಹೊರಗಿಟ್ಟೇ ಟೈಲ್ ಮೇಲೆ ಬೇಕಂತಲೇ ಒಂದು ಹೆಜ್ಜೆ ಇಟ್ಟು ನೋಡಿದೆ. ರಬ್ಬರ್ ನೆಲ ಮುಟ್ಟುವುದೇ ಇಲ್ಲ. ನಾಲ್ಕಾರು ಸ್ಟೀಲ್ ಚುಕ್ಕಿಗಳ ಮೇಲೆ ಮೈಭಾರ ನಿಂತಿರುತ್ತದೆ. ಮುಳ್ಳು ಹಿಡಿಯುವುದು ತಾನು ಚುಚ್ಚಿ ಇಳಿಯಬಲ್ಲ ನೆಲವನ್ನು ಮಾತ್ರ. ಐಸ್ ಒಳಗೆ ಬಿಟ್ಟುಕೊಳ್ಳುತ್ತದೆ, ಗ್ರಾನೈಟ್ ಬಿಡುವುದಿಲ್ಲ. ಕಾಲು ಸರ್ರನೆ ಮುಂದಕ್ಕೆ ಹೋಯಿತು, ಗೋಡೆ ಇದ್ದದ್ದಕ್ಕೆ ಬಚಾವ್. ಎಸ್ಕಲೇಟರಿನ ಸಾಲುಗಳ ಸಂದಿಗೆ ಮುಳ್ಳು ಸಿಕ್ಕಿಕೊಳ್ಳಬಹುದು. ಕಾರ್ ಓಡಿಸುವವರಾದರೆ ಪೆಡಲ್ ಮೇಲೆ ಅಟ್ಟೆ ಸರಿಯಾಗಿ ಕೂರುವುದಿಲ್ಲ, ಸೀಟಿಗೆ ಕೂತ ಮೇಲೆ ಮೊದಲ ಕೆಲಸ ಮಡಚುವುದು. ತಮಾಷೆ ಅಂದರೆ, ದಕ್ಷಿಣ ಒಂಟಾರಿಯೋದಲ್ಲಿರುವ ನಾವು ಕಾರಿನ ಟೈರಿಗೆ ಮೊಳೆ ಹಾಕಿಸುವಂತಿಲ್ಲ, ರಸ್ತೆ ಹಾಳಾಗುತ್ತದೆ ಅಂತ. ಉತ್ತರದ ಕಡೆಯವರಿಗೆ ಮಾತ್ರ ಅನುಮತಿ. ಕಾಲಿಗೆ ಹಾಕಿಕೊಂಡರೆ ಯಾರೂ ಕೇಳುವುದಿಲ್ಲ.

ಕೀಲಿನ ಕಾಟ ಶುರುವಾದದ್ದು ಜನವರಿ ಹೊತ್ತಿಗೆ. ಅರ್ಧ ಕರಗಿದ ಸ್ನೋ, ಉಪ್ಪು, ಮರಳು ಎಲ್ಲ ಸೇರಿದ ಕಂದು ರಾಡಿ ಆ ಸಂದಿಗೆ ಹೋಗಿ, ಮೈನಸ್ ಹದಿನೈದರಲ್ಲಿ ಹೆಪ್ಪುಗಟ್ಟಿ, ತುಂಡು ಜಪ್ಪಯ್ಯ ಅಂದರೂ ಏಳಲಿಲ್ಲ. ಬಲವಂತ ಮಾಡಿದರೆ ಪ್ಲಾಸ್ಟಿಕ್ ಕೀ ಬಾಗುತ್ತದೆ. ಬಸ್ ಸ್ಟಾಪಿನಲ್ಲಿ ಅದಕ್ಕೆ ಮದ್ದಿಲ್ಲ, ಆ ದಿನ ಮೆಲ್ಲಗೆ ಸೀಟು ಸೀಟು ಹಿಡಿದುಕೊಂಡೇ ಹೋದೆ. ಆಮೇಲೆ ಒಂದು ಪದ್ಧತಿ ಮಾಡಿಕೊಂಡೆ. ಸಂಜೆ ಬಂದ ಕೂಡಲೇ ಬೂಟಿನ ಅಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯುವುದು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕೀಲಿನ ಸಂದಿ ಉಜ್ಜುವುದು. ತುಂಡುಗಳನ್ನು ಅರ್ಧ ತೆರೆದಿಟ್ಟು ಒಣಗಿಸುವುದು. ವಾರಕ್ಕೊಮ್ಮೆ ಕೀಲಿಗೆ ಸಿಲಿಕೋನ್ ಸ್ಪ್ರೇ. ಅಡುಗೆ ಎಣ್ಣೆ, ಮೆಷಿನ್ ಎಣ್ಣೆ ಬೇಡ, ಮರಳೆಲ್ಲ ಅದಕ್ಕೇ ಹೋಗಿ ಅಂಟುತ್ತದೆ. ಹೀಟರ್ ಮೇಲೂ ಇಡಬೇಡಿ, ಅಟ್ಟೆಯ ಅಂಟು ಬಿಡುತ್ತದೆ. ಇಷ್ಟು ಮಾಡಿದ ಮೇಲೆ ಹೆಪ್ಪುಗಟ್ಟುವುದು ತೀರಾ ಕಮ್ಮಿಯಾಯಿತು. ಈ ಚಾಕರಿ ಮಾಡುವ ತಾಳ್ಮೆ ಇಲ್ಲದವರಿಗೆ ಜಾಲಿಯೇ ಸರಿ.

ಮರುವರ್ಷದ ಚಳಿಗಾಲಕ್ಕೆ ಹೆಂಡತಿಯ ಬಾಣಂತನಕ್ಕೆ ಅಂತ ತೀರ್ಥಹಳ್ಳಿಯಿಂದ ಅತ್ತೆ, ಮಾವ ಬಂದರು. ಅತ್ತೆಗೆ ಮಗು, ಅಡುಗೆಮನೆ, ಖಾರದ ಪುಡಿ ಅಂತ ಕೈತುಂಬ ಕೆಲಸ. ಮಾವನಿಗೆ ಮಾಡಲು ಏನೂ ಇಲ್ಲ. ಬೆಳಿಗ್ಗೆ ತೋಟ ಸುತ್ತುವ ಮನುಷ್ಯ ನಾಲ್ಕು ಗೋಡೆ ನಡುವೆ ಎಷ್ಟು ದಿನ ಇದ್ದಾರು? ಕಾಲಿಗೆ ಅಳತೆ ಕೊಟ್ಟು ಅವರಿಗೂ ಅಂಥದ್ದೇ ಬೂಟು ತಂದೆ. ಮಗುಚಿ ನೋಡಿ, "ಇದೆಂಥದು, ಮುಳ್ಳಾವುಗೆಯಾ? ನಮ್ಮಲ್ಲಿ ಸ್ವಾಮಿಗಳು ಮೆಟ್ಟಿ ನಿಲ್ಲೋದಕ್ಕೆ ಮುಳ್ಳು ಮೇಲಿರ್ತದೆ, ಇವರು ಕೆಳಗೆ ಇಟ್ಟಿದಾರೆ" ಅಂದರು. ಅತ್ತೆ ಒಳಗಿನಿಂದ, "ನಿಮಗೆ ಮೇಲಿದ್ದಿದ್ರೇ ಒಳ್ಳೇದಿತ್ತು, ಮನೇಲಿ ಕೂರ್ತಿದ್ರಿ" ಅಂದರು.

ಅಂಗಡಿಯ ಹುಡುಗಿಯ ಮಾತು ಆಗ ಸರಿಯಾಗಿ ಅರ್ಥವಾಯಿತು. ಮಾವನಿಗೆ ಹಿಡಿತ ಏನೋ ಚೆನ್ನಾಗಿ ಸಿಕ್ಕಿತು, ಆದರೆ ಬಗ್ಗಲು ಸೊಂಟ ಬಿಡಲಿಲ್ಲ. ದಪ್ಪ ಕೋಟು ಬೇರೆ. ಕಾಲನ್ನು ಮಂಡಿ ಮೇಲೆ ಹಾಕಿಕೊಳ್ಳುವಷ್ಟರಲ್ಲಿ ಏದುಸಿರು ಬಂದುಬಿಡುತ್ತಿತ್ತು. ಮುಳ್ಳನ್ನು ನಾನು ಕೂತು ತಿರುಗಿಸಲು ಹೋದರೆ ಕಾಲು ಹಿಂದಕ್ಕೆ ಎಳೆದುಕೊಂಡರು. "ಛೆ ಛೆ, ಅಳಿಯಂದಿರು ನನ್ನ ಕಾಲು ಹಿಡಿಯೋದು ಅಂದ್ರೆ ಏನು? ನೀವು ಏಳಿ."

"ಧಾರೆ ದಿನ ನೀವು ನನ್ನ ಕಾಲು ತೊಳೆದಿದ್ರಲ್ಲ ಮಾವ, ಇವತ್ತು ಲೆಕ್ಕ ಚುಕ್ತಾ" ಅಂದೆ. ನಕ್ಕರು, ಆದರೆ ಒಪ್ಪಲಿಲ್ಲ.

ಕೊನೆಗೆ ಉಪಾಯ ಮಾಡಿದ್ದು ಅವರೇ. ಬಾಗಿಲ ಹತ್ತಿರ ಒಂದು ಗಿಡ್ಡ ಬೆಂಚು ಹಾಕಿಸಿದರು. ಬೂಟನ್ನು ಕಾಲಿಗೆ ಹಾಕುವ ಮೊದಲೇ, ಕೈಯಲ್ಲಿ ಹಿಡಿದು, ಮುಳ್ಳು ತೆರೆದು, ಬಾಗಿಲ ಹೊರಗಿನ ಒರಟು ಚಾಪೆಯ ಮೇಲೆ ಇಟ್ಟು, ಅಲ್ಲೇ ಕಾಲು ತೂರಿಸುವುದು. ಬರುವಾಗಲೂ ಅದೇ ಚಾಪೆಯ ಮೇಲೆ ಕಳಚುವುದು. ಚಪ್ಪಲಿ ಹೊರಗೇ ಬಿಡುವ ನಮ್ಮ ಅಭ್ಯಾಸಕ್ಕೆ ಇದು ಸಲೀಸಾಗಿ ಹೊಂದಿತು. ಮನೆಯಿಂದ ಮನೆಗೆ ಒಂದು ಸುತ್ತು ವಾಕಿಂಗ್ ಹೋಗುವವರಿಗೆ ಇದು ಸಾಕು. ದಾರಿಯಲ್ಲಿ ಅಂಗಡಿ, ಬಸ್ಸು ಅಂತ ಒಳಗೆ ಹೊರಗೆ ಓಡಾಡುವುದಿದ್ದರೆ ಸಾಲದು. ಅಂಥ ವಯಸ್ಸಾದವರಿಗೆ ಬಗ್ಗದೆ, ಹಿಮ್ಮಡಿ ಒತ್ತಿಯೋ ಪಕ್ಕದ ಸನ್ನೆಯಿಂದಲೋ ಮುಳ್ಳು ಆಡುವಂತಿದ್ದರೆ ಮಾತ್ರ ಉಪಯೋಗ. ನಾನು ನೋಡಿದ ಅಂಗಡಿಗಳಲ್ಲಿ ಅಂಥದ್ದು ಕಣ್ಣಿಗೆ ಬೀಳಲಿಲ್ಲ.

ಶಿವರಾತ್ರಿಗೆ ರಿಚ್‌ಮಂಡ್ ಹಿಲ್‌ನ ಗಣೇಶ ದೇವಸ್ಥಾನಕ್ಕೆ ಹೋದೆವು. ಹಗಲು ಕರಗಿದ್ದ ನೀರು ಪಾರ್ಕಿಂಗ್ ತುಂಬ ಐಸಾಗಿತ್ತು. ರೇಷ್ಮೆ ಸೀರೆ ಮೇಲೆ ಪಾರ್ಕಾ ಅನ್ನುವ ದಪ್ಪ ಚಳಿಕೋಟು ಹಾಕಿದ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಇಂಚಿಂಚೇ ಸರಿಯುತ್ತಿದ್ದರು. ಮಾವ ಮಾತ್ರ ಪಂಚೆಯ ಕೆಳಗೆ ಬೂಟು ಹಾಕಿಕೊಂಡು, ಒಂದು ಕೈಯಲ್ಲಿ ಬಿಲ್ವಪತ್ರೆಯ ಪೊಟ್ಟಣ, ಇನ್ನೊಂದು ಕೈಯಲ್ಲಿ ಅತ್ತೆಯ ತೋಳು ಹಿಡಿದು ಕರಕ್ ಕರಕ್ ಅಂತ ನಡೆದೇಬಿಟ್ಟರು. ಅಲ್ಲಿ ಹೇಗೂ ಬೂಟು ಬಿಚ್ಚಿ ಇಡುವ ಜಾಗವಿದೆ, ಮುಳ್ಳು ಮಡಚುವ ಪ್ರಶ್ನೆಯೇ ಬರಲಿಲ್ಲ.

ಎರಡು ಚಳಿಗಾಲ ಕಂಡ ನನ್ನ ಬೂಟಿನ ಮುಳ್ಳು ಈಗ ಮೊಂಡಾಗಿವೆ. ಐಸಿಗಿಂತ ಬರೀ ಕಾಂಕ್ರೀಟೇ ಮುಳ್ಳನ್ನು ಸವೆಸುವುದು. ಅದಕ್ಕೇ ಉಪ್ಪು ಹಾಕಿ ಒಣಗಿದ ಫುಟ್‌ಪಾತ್ ಉದ್ದಕ್ಕಿದ್ದರೆ ಅಲ್ಲೂ ನಿಂತು ಮಡಚುತ್ತೇನೆ. ಉಗುರಿನ ಮೇಲೆ ಮುಳ್ಳಿನ ತುದಿ ಎಳೆದು ನೋಡಿ, ಗೀರು ಬೀಳದೆ ಜಾರಿದರೆ ತುಂಡು ಬದಲಾಯಿಸುವ ಕಾಲ ಬಂತು ಅಂತ ನನ್ನ ಲೆಕ್ಕ. ಕೆಲವು ಕಂಪನಿಗಳು ತುಂಡುಗಳನ್ನು ಬಿಡಿಯಾಗಿ ಮಾರುತ್ತವೆ, ಕೆಲವು ಇಲ್ಲ. ಬೂಟು ಕೊಳ್ಳುವ ದಿನವೇ ಇದನ್ನು ಕೇಳಿ, ಇದ್ದರೆ ಒಂದು ಜೊತೆ ಆಗಲೇ ತಗೊಂಡಿಡಿ. ಮುಂದಿನ ವರ್ಷ ಆ ಮಾಡೆಲ್ಲೇ ಇರುವುದಿಲ್ಲ.

ಏಪ್ರಿಲ್‌ನಲ್ಲಿ ಹೊರಡುವಾಗ ಮಾವ ಬೂಟನ್ನು ಸೂಟ್‌ಕೇಸಿಗೆ ಹಾಕಿಕೊಳ್ಳಲು ನೋಡಿದರು. ಮಳೆಗಾಲದಲ್ಲಿ ತೋಟದ ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕ ಹಾಕುತ್ತಾರೆ, ಪಾಚಿ ಹಿಡಿದರೆ ಕಾಲಿಡುವ ಹಾಗಿಲ್ಲ. "ಮರಕ್ಕೆ ಈ ಮುಳ್ಳು ಇಳೀತದೆ, ಅಲ್ವಾ?" ಅಂತ ಕೇಳಿದರು. ಮರಕ್ಕೆ ಇಳಿಯಬಹುದು, ಜಂಬಿಟ್ಟಿಗೆ ಮೆಟ್ಟಿಲಿಗೂ ಇಳಿಯಬಹುದು, ಅಂಗಳದ ಚಪ್ಪಡಿ ಕಲ್ಲಿಗೆ ಮಾತ್ರ ಬೇಡ ಅಂದೆ. ಒಳಗೆ ಉಣ್ಣೆಯ ಅಸ್ತರಿ ಇರುವ ಬೂಟು, ಜೂನ್ ಮಳೆಯಲ್ಲಿ ಒಂದು ಸಲ ನೀರು ಹೊಕ್ಕರೆ ದೀಪಾವಳಿಗೂ ಒಣಗುವುದಿಲ್ಲ ಅಂತಲೂ ಹೇಳಿದೆ. ಅದಕ್ಕೂ ಅವರು ಜಗ್ಗಲಿಲ್ಲ, ಅಸ್ತರಿ ಕಿತ್ತು ಬಿಸಾಡುತ್ತೇನೆ ಅಂದರು. ಅತ್ತೆ ತಕ್ಕಡಿ ಮೇಲೆ ಸೂಟ್‌ಕೇಸ್ ಇಟ್ಟು ನೋಡಿ, ಬೂಟು ತೆಗೆದು ಪಕ್ಕಕ್ಕಿಟ್ಟು, ಆ ಜಾಗಕ್ಕೆ ಮೇಪಲ್ ಸಿರಪ್ಪಿನ ಬಾಟಲಿಗಳನ್ನು ತುಂಬಿದರು. ಮಾವ ಬೂಟಿನ ಅಟ್ಟೆಯಿಂದ ಮುಳ್ಳಿನ ತುಂಡು ನಾಲ್ಕನ್ನೂ ಮೀಟಿ ಕಿತ್ತು ಕೋಟಿನ ಜೇಬಿಗೆ ಹಾಕಿಕೊಳ್ಳಲು ಹೊರಟಿದ್ದರು. ಏರ್‌ಪೋರ್ಟ್ ಸೆಕ್ಯುರಿಟಿಯವರಿಗೆ ಇದೇನು ಅಂತ ಹೇಗೆ ಹೇಳುತ್ತೀರಿ ಅಂತ ಕೇಳಿದ ಮೇಲೆ ಚೆಕ್-ಇನ್ ಬ್ಯಾಗಿಗೆ, ಸಿರಪ್ ಬಾಟಲಿಗಳ ನಡುವೆ, ಕಾಲುಚೀಲದಲ್ಲಿ ಸುತ್ತಿ ತುರುಕಿದರು. ಊರಿನ ಗಂಬೂಟಿಗೆ ಅದನ್ನು ಹೇಗೆ ಕೂರಿಸುತ್ತೀರಿ ಅಂದರೆ, "ನಮ್ಮ ಪೇಟೆ ಚಪ್ಪಲಿ ಅಂಗಡಿಯವನು ಇದಾನಲ್ಲ, ಅವನು ನೋಡ್ಕೊಳ್ತಾನೆ" ಅಂದರು.